ಮೂಲೆ ರೂಮಿನ ಮದುಮಗಳು

"ಬರಲೇ ಇಲ್ಲ ಸಾರ್," ಎನ್ನುತ್ತ ಮೂಲೆ ರೂಮಿನ ಗಿರಾಕಿ ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟ. ಬಿಸಿನೀರು ಬರಲಿಲ್ಲ ಎಂದು ದೂರುವವನ ದನಿಯೇ ಅದು. ಆದರೆ ಬಾರದೆ ಹೋದದ್ದು ಬಿಸಿನೀರಲ್ಲ, ದೆವ್ವ. "ನಾನೂ ನಮ್ಮ ಮನೆಯವಳೂ ಬಾತ್‌ರೂಮಿನ ಬಾಗಿಲು ತೆಗೆದಿಟ್ಕೊಂಡು ಬೆಳಗಿನ ತನಕ ಕೂತಿದ್ವಿ. ಒಂದು ಸಲಾನೂ ತಟ್ಟಲಿಲ್ಲ. ವಿಡಿಯೊದಲ್ಲಿ ಎಷ್ಟು ಚೆನ್ನಾಗಿ ತಟ್ಟುತ್ತೆ."

ಮ್ಯಾನೇಜರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು. ಉತ್ತರ ಹೊಳೆಯದಿದ್ದಾಗಲೆಲ್ಲ ಅವರು ಮಾಡುವ ಕೆಲಸ ಅದು. "ಅದು ನಮ್ಮ ಕೈಲಿಲ್ಲ ನೋಡಿ. ಅವಳಿಗೆ ಮನಸ್ಸು ಬಂದ್ರೆ ತಟ್ತಾಳೆ."

ನಿದ್ದೆಗೆಟ್ಟು ಕಣ್ಣು ಊದಿಸಿಕೊಂಡಿದ್ದ ಹೆಂಡತಿ ಗಂಡನ ತೋಳು ಎಳೆದಳು. "ಬನ್ನಿ ಸಾಕು. ಪಾಪ, ಅವಳಿಗೂ ಒಂದಿನ ರಜ ಬೇಡ್ವಾ?"

ಮೆಟ್ಟಿಲ ಬುಡದಲ್ಲಿ ಬಕೆಟ್ಟು ಪೊರಕೆ ಹಿಡಿದು ನಿಂತಿದ್ದವಳು ಆ ಬೀಗದ ಕೈಗಾಗಿಯೇ ಕಾಯುತ್ತಿದ್ದಳು. ಹಾಸಿಗೆಯ ಬಟ್ಟೆ ಬದಲಿಸುವುದು, ಕಸ ಗುಡಿಸುವುದು, ಬಾತ್‌ರೂಮು ತಿಕ್ಕುವುದು ಅವಳ ಪಾಲಿನ ಕೆಲಸ. ಹಾಗಾಗಿ ಲಾಡ್ಜಿನವರ ಬಾಯಲ್ಲಿ ಅವಳು ರೂಮಿನಕ್ಕ. ದೆವ್ವಕ್ಕೂ ರಜ ಎಂಬ ಮಾತು ಕಿವಿಗೆ ಬಿದ್ದಾಗ ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಕೆಲವು ದಿನಗಳಿಂದ ನಗುವೂ ಅಳುವೂ ಅವಳಿಗೆ ಮೊಣಕಾಲ ನೋವಿನ ಹಾಗೆ ಆಗಿಬಿಟ್ಟಿದ್ದವು. ಇದೆ ಎಂದು ಗೊತ್ತು, ಕೂತು ನೋಡಿಕೊಳ್ಳಲು ಪುರಸೊತ್ತಿಲ್ಲ.

ಮೂಲೆ ರೂಮಿನ ಕಥೆ ಈಗ ಯಾರಿಗೆ ಗೊತ್ತಿಲ್ಲ? ಮದುವೆಯಾದ ಹೊಸತರಲ್ಲಿ ಒಬ್ಬ ಹುಡುಗಿ ಗಂಡನ ಜೊತೆ ಬಂದು ಆ ರೂಮಿನಲ್ಲಿ ಇಳಿದಳಂತೆ. ಇಗೋ ಬಂದೆ ಎಂದು ಹೊರಗಿನಿಂದ ಬೀಗ ಹಾಕಿಕೊಂಡು ಹೋದ ಗಂಡ ತಿರುಗಿ ಬರಲಿಲ್ಲವಂತೆ. ಹುಡುಗಿ ಬಾತ್‌ರೂಮಿನ ಗೋಡೆ ತಟ್ಟಿ ತಟ್ಟಿ, ಕೊನೆಗೆ ನೀರಿಲ್ಲದೆ ಸತ್ತಳಂತೆ. ಈಗಲೂ ತಟ್ಟುತ್ತಾಳಂತೆ. ವಿಡಿಯೊ ಮಾಡಿದವನು ಅದರ ಮೇಲೆ ಕೆಂಪಕ್ಷರದಲ್ಲಿ "ನಡೆದ ನಿಜ ಘಟನೆ" ಎಂದು ಹಾಕಿದ್ದ. ಬಾತ್‌ರೂಮಿನೊಳಗೇ ನಲ್ಲಿ ಇರುವಾಗ ನೀರಿಲ್ಲದೆ ಹೇಗೆ ಸತ್ತಳು ಎಂದು ಯಾರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಆ ಲಾಡ್ಜಿಗೆ ಮದುಮಗಳು ಬಂದು ಇಳಿದದ್ದೇ ಇಲ್ಲ. ಬರುತ್ತಿದ್ದವರು ಆಸ್ಪತ್ರೆಯಲ್ಲಿ ರೋಗಿಯನ್ನು ಬಿಟ್ಟುಬಂದವರು, ಕೋರ್ಟಿಗೆ ಅಲೆಯುವವರು, ಮಾತ್ರೆ ಸಾಬೂನುಗಳ ಚೀಲ ಹೊತ್ತು ಅಂಗಡಿ ಸುತ್ತುವವರು. ಮಲಗಿದರೆ ಸಾಕು ಎಂದು ಬರುವ ಜನ.

ತಟ್ಟುತ್ತಿದ್ದದ್ದು ಮಾತ್ರ ಸುಳ್ಳಲ್ಲ. ತಟ್ಟುತ್ತಿದ್ದವಳು ರೂಮಿನಕ್ಕನ ತಾಯಿ.

ವಯಸ್ಸಾದ ಮೇಲೆ ತಾಯಿಗೆ ಮರೆವು ಹತ್ತಿತು. ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ದಾರಿ ಮರೆತಳು, ಆಮೇಲೆ ಮಕ್ಕಳು ದೊಡ್ಡವರಾದದ್ದನ್ನೇ ಮರೆತಳು. ತಮ್ಮ ಕೆಲವು ತಿಂಗಳು ತನ್ನ ಮನೆಯಲ್ಲಿ ಇಟ್ಟುಕೊಂಡ. ಒಂದು ದಿನ ಮುದುಕಿ ಬಾಗಿಲು ತೆಗೆದುಕೊಂಡು ಹೊರಟು ದೊಡ್ಡ ರಸ್ತೆಯ ನಟ್ಟನಡುವೆ ನಿಂತುಬಿಟ್ಟಿದ್ದಳಂತೆ. ಆ ಸಂಜೆಯೇ ಆಟೊದಲ್ಲಿ ಗಂಟುಮೂಟೆ ಸಮೇತ ಕರೆತಂದು ಅಕ್ಕನ ಬಾಗಿಲಲ್ಲಿ ಇಳಿಸಿದ. "ನಾವಿಬ್ರೂ ಕೆಲಸಕ್ಕೆ ಹೋಗೋರು ಅಕ್ಕ, ಹೆಚ್ಚುಕಮ್ಮಿ ಆದ್ರೆ ಏನು ಗತಿ?" ಎಂದು ಅತ್ತ. ಅಕ್ಕನೂ ಕೆಲಸಕ್ಕೆ ಹೋಗುವವಳೇ ಎಂಬುದು ಅಳುವಿನ ಭರದಲ್ಲಿ ಅವನಿಗೆ ನೆನಪಾಗಲಿಲ್ಲ. ತಮ್ಮನ ಕಣ್ಣೀರು ಯಾವಾಗಲೂ ಹಾಗೆ. ಬೇಗ ಬರುತ್ತದೆ, ನಿಜವಾಗಿಯೇ ಬರುತ್ತದೆ, ಬಂದ ಮೇಲೆ ಅವನಿಗೆ ಹಗುರವಾಗುತ್ತದೆ. ಇಳಿಸಿದ ಭಾರ ಯಾರ ತಲೆಗೆ ಹೋಯಿತು ಎಂದು ತಿರುಗಿ ನೋಡುವವನಲ್ಲ. ಕೆಟ್ಟವನಂತೂ ಅಲ್ಲವೇ ಅಲ್ಲ.

ಅಮ್ಮನನ್ನು ಹಗಲು ಪಕ್ಕದ ಮನೆಯವಳು ನೋಡಿಕೊಳ್ಳುತ್ತಾಳೆ ಎಂದು ಅವನಿಗೆ ಹೇಳಿದ್ದಳು. ಆದರೆ ಆ ಪಕ್ಕದ ಮನೆಯವಳು ವಾರ ತುಂಬುವುದರೊಳಗೆ ಕೈಮುಗಿದಿದ್ದಳು. ಬೇರೆ ದಾರಿ ಕಾಣದೆ ರೂಮಿನಕ್ಕ ಮ್ಯಾನೇಜರ ಮುಂದೆ ಹೋಗಿ ನಿಂತಳು. ಗಿರಾಕಿಗಳ ಕಣ್ಣಿಗೆ ಬೀಳಬಾರದು, ಯಜಮಾನರ ಕಿವಿಗೆ ಬೀಳಬಾರದು ಎಂದಷ್ಟೇ ಹೇಳಿ ಅವರು ಒಪ್ಪಿದ್ದರು. ಮೇಲಿನ ಮಹಡಿಯ ಕೊನೆಯಲ್ಲಿ ಒಗೆದ ಬಟ್ಟೆ ಇಡುವ ಕೋಣೆ ಇತ್ತು. ಕಿಟಕಿಯಿಲ್ಲ, ಒಂದು ಬಲ್ಬು, ಮೂರು ಗೋಡೆಗೂ ಹಲಗೆ, ಹಲಗೆಯ ತುಂಬ ಹಾಸುವ ಬಟ್ಟೆ, ದಿಂಬಿನ ಚೀಲ, ಟವೆಲು. ನಾಲ್ಕನೆಯ ಗೋಡೆಯ ಬುಡದಲ್ಲಿ ಕಂಬಳಿಗಳನ್ನು ಮೆತ್ತಗೆ ಒಟ್ಟಿ ತಾಯಿಯನ್ನು ಕೂರಿಸಿದಳು. ಮಡಿಲಿಗೆ ಒಂದು ರಾಶಿ ದಿಂಬಿನ ಚೀಲ ಹಾಕಿದಳು. ಮುದುಕಿ ಅವನ್ನು ಒಂದೊಂದಾಗಿ ಒಳಗಿನದು ಹೊರಗೆ ತಿರುವುತ್ತಿದ್ದಳು. ಮುಗಿದ ಮೇಲೆ ಮತ್ತೆ ಹೊರಗಿನದು ಒಳಗೆ. ಪಾಳಿ ಹಗಲಿದ್ದರೆ ಹಗಲು, ರಾತ್ರಿಯಿದ್ದರೆ ರಾತ್ರಿ, ಹೊರಗಿನಿಂದ ಬೀಗ.

ಮೊದಲ ದಿನ ತಾಯಿ ಮಗಳನ್ನು ಕೂಗಿ ಕೂಗಿ ಕರೆದಳು. ಯಾರೋ ಗಿರಾಕಿ ತನ್ನ ರೂಮಿನ ಬಾಗಿಲು ತೆರೆದು ಓಣಿಗೆ ಇಣುಕಿಯೂ ಬಿಟ್ಟ. ಆಗ ಮಗಳಿಗೆ ಉಪಾಯ ಹೊಳೆಯಿತು. ಕಂಬಳಿ ಒಟ್ಟಿದ್ದ ಗೋಡೆಯಲ್ಲಿ ಹಳೆಯ ಕಾಲದ ಕಬ್ಬಿಣದ ಪೈಪೊಂದು ಇತ್ತು. ಹೊಸ ಪೈಪು ಹಾಕಿದ ಮೇಲೆ ಅದರಲ್ಲಿ ನೀರಿಲ್ಲ, ಮಹಡಿ ಮಹಡಿಯಲ್ಲೂ ಬಾಯಿ ತೆರೆದುಕೊಂಡು ಒಣಗಿ ನಿಂತಿತ್ತು. ಅಮ್ಮನ ಕೈಗೆ ಒಂದು ಚಮಚ ಕೊಟ್ಟು, ಕೂಗಬೇಡ, ಬೇಕಾದಾಗ ಇದರ ಮೇಲೆ ತಟ್ಟು, ಎಲ್ಲಿದ್ದರೂ ಓಡಿ ಬರುತ್ತೇನೆ ಎಂದು ಹೇಳಿಕೊಟ್ಟಳು. ಮಗನ ಮುಖ ಮರೆತವಳು ಇದನ್ನು ಮಾತ್ರ ಮರೆಯಲಿಲ್ಲ. ಒಂದೇ ಸಮ ತಟ್ಟಿದರೆ ನೀರು. ಜೋರಾಗಿ ತಟ್ಟಿದರೆ ಬಚ್ಚಲಿಗೆ ಹೋಗಬೇಕು. ಬಿಟ್ಟು ಬಿಟ್ಟು, ಯೋಚಿಸಿದ ಹಾಗೆ ಮೆಲ್ಲಗೆ ತಟ್ಟಿದರೆ ಏನೂ ಬೇಡ, ಸುಮ್ಮನೆ, ಇದ್ದೀಯಾ ಅಂತ.

ಕೂಗಿದ್ದರೆ ಆ ಓಣಿಯಲ್ಲಷ್ಟೇ ಕೇಳುತ್ತಿತ್ತು. ಯಾರಿಗೂ ಕೇಳಬಾರದು ಎಂದು ಕೊಟ್ಟ ಚಮಚದ ಸದ್ದು ಪೈಪಿನ ಉದ್ದಕ್ಕೂ ಇಳಿದು, ಕೆಳಗಿನ ಮೂಲೆ ರೂಮಿನಲ್ಲಿ ಮಲಗಿದವರಿಗೆಲ್ಲ ಕೇಳಿಸಿತು. ಯಾರೋ ಫೋನಿನಲ್ಲಿ ಹಿಡಿದುಕೊಂಡರು. ಅದನ್ನು ಕೇಳಿ ದೆವ್ವದ ವಿಡಿಯೊ ಮಾಡುವ ಚಾನೆಲ್‌ನವನು ಬಂದ. ಬರುವಾಗ ಮದುಮಗಳನ್ನೂ ಜೊತೆಗೆ ತಂದ. ಖಾಲಿ ಬಿದ್ದಿರುತ್ತಿದ್ದ ಲಾಡ್ಜಿನಲ್ಲಿ ಮೂಲೆ ರೂಮಿಗಾಗಿ ಜನ ಮೊದಲೇ ಹೇಳಿಟ್ಟು ಬರತೊಡಗಿದರು.

ಚಳಿ ಬಿದ್ದ ಹೊಸತರಲ್ಲಿ ತಾಯಿ ಮನೆಯಲ್ಲೇ, ನಿದ್ದೆಯಲ್ಲೇ ಹೋಗಿಬಿಟ್ಟಳು. ಮದುಮಗಳ ತಟ್ಟುವಿಕೆಯೂ ಅಲ್ಲಿಗೆ ನಿಂತಿತು. ಸ್ವಲ್ಪ ದಿನ, ಆದರೂ ಕೇಳಿಸಿತು ಎನ್ನುವವರು ಇದ್ದರು. ಕೇಳಬೇಕು ಎಂದು ಬಂದವರಿಗೆ ಏನು ಬೇಕಾದರೂ ಕೇಳಿಸುತ್ತದೆ. ಬರಬರುತ್ತ ಅವರೂ ಕಡಿಮೆಯಾದರು.

ಗಿರಾಕಿ ಹೋದ ಮೇಲೆ ಮ್ಯಾನೇಜರು ಅವಳನ್ನು ಕೌಂಟರಿನ ಹಿಂದಿನ ಕೋಣೆಗೆ ಕರೆದು ಸ್ಟೂಲು ತೋರಿಸಿದರು. ಎಷ್ಟೋ ವರ್ಷದ ಕೆಲಸದಲ್ಲಿ ಅವಳನ್ನು ಕೂರಲು ಹೇಳಿದ್ದು ಅದೇ ಮೊದಲು. ಕೂರಿಸಿದ್ದಾರೆ ಎಂದರೆ ಏನೋ ಕಾದಿದೆ ಎಂದುಕೊಂಡಳು. ಮಧ್ಯಾಹ್ನ ಚಾನೆಲ್‌ನವನು ಇನ್ನೊಂದು ವಿಡಿಯೊ ಮಾಡಲು ಬರುತ್ತಾನೆ, ಈ ಸಲವೂ ಏನೂ ಕೇಳಿಸದಿದ್ದರೆ ಎಲ್ಲ ಸುಳ್ಳು ಎಂದು ಅವನೇ ಹಾಕುತ್ತಾನೆ, ಯಜಮಾನರು ಮೊದಲೇ ಇದನ್ನು ಮುಚ್ಚಿ ಮಾರುವ ಮಾತಾಡುತ್ತಿದ್ದಾರೆ ಎಂದರು. ಆಮೇಲೆ ಕನ್ನಡಕ ತೆಗೆದರು.

"ನೀನು ಮೇಲೆ ಕೂತು ತಟ್ಟಿದ್ರೆ ಸಾಕಮ್ಮ. ಆ ತಟ್ಟೋ ರೀತಿ ಇನ್ಯಾರಿಗೂ ಬರಲ್ಲ."

"ಅದು ನಮ್ಮಮ್ಮ ನೀರು ಕೇಳ್ತಿದ್ದ ಸದ್ದು ಸಾರ್."

"ನನಗೆ ಗೊತ್ತಿಲ್ವಾ? ನೀನು ಸಿಗದೆ ಇದ್ದಾಗ ನಾನೇ ಎಷ್ಟೋ ಸಲ ಹೋಗಿ ಕುಡಿಸಿ ಬಂದಿದ್ದೀನಿ." ಅವರು ತಲೆ ತಗ್ಗಿಸಿ ಗಾಜು ಒರೆಸುತ್ತಲೇ ಇದ್ದರು. "ಬಲವಂತ ಇಲ್ಲ. ಆದ್ರೆ ಮುಚ್ಚಿದ್ರೆ ನಿನಗೂ ಮನೆ, ನನಗೂ ಮನೆ. ಈ ವಯಸ್ಸಿಗೆ ನಮ್ಮನ್ನ ಯಾರು ಕರೀತಾರೆ?"

ಅವಳು ಹೂಂ ಎಂದಳು. ಬೇಡ ಎನ್ನುವುದಕ್ಕೆ ಬೇಕಾಗುವಷ್ಟು ತ್ರಾಣ ಹೂಂ ಎನ್ನುವುದಕ್ಕೆ ಬೇಕಾಗುವುದಿಲ್ಲ. ಬಕೆಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಇಷ್ಟು ದಿನ ಬೇರೆಯವರು ಅಮ್ಮನನ್ನು ದೆವ್ವ ಮಾಡಿದ್ದರು, ಅವರಿಗೆ ಅಮ್ಮ ಯಾರೋ ಏನೋ. ಇವತ್ತು ಅದು ತನ್ನ ಕೈಯಿಂದ ಆಗಬೇಕು.

ಹಿತ್ತಿಲಲ್ಲಿ ಇಸ್ತ್ರಿಯವನು ಹಾಸುಬಟ್ಟೆಗಳಿಗೆ ನೀರು ಚಿಮುಕಿಸುತ್ತಿದ್ದ. ಊರಿನ ಸುದ್ದಿಯೆಲ್ಲ ಅವನ ಮೇಜಿನ ಮೇಲೆಯೇ ಬಿಸಿಯಾಗುವುದರಿಂದ ಎಲ್ಲರೂ ಅವನನ್ನು ರೇಡಿಯೊ ಎನ್ನುತ್ತಿದ್ದರು. ಬಟ್ಟೆ ಕೋಣೆಯಲ್ಲಿ ಮುದುಕಿ ಇದ್ದ ಸುದ್ದಿಯೊಂದು ಮಾತ್ರ ರೇಡಿಯೊಗೆ ಸಿಕ್ಕಿರಲಿಲ್ಲ.

"ರೂಮಿನಕ್ಕ, ಕೇಳಿದ್ರಾ? ಮದುಮಗಳು ಮುನಿಸಿಕೊಂಡಿದ್ದಾಳಂತೆ," ಎಂದ. "ಗಂಡ ಬಂದು ಕರ್ಕೊಂಡು ಹೋದ್ನೋ ಏನೋ. ನಾನಂತೂ ಕಣ್ಣಾರೆ ಕಂಡವನು. ಟೆರೇಸಿನ ಮೇಲೆ, ಬೆಳ್ಳಗೆ, ತಲೆಗೂದಲು ಒದ್ದೆ."

"ನೀನು ಕಂಡಿದ್ದು ನಾನು ಒಣಗಹಾಕಿದ ಪರದೆ."

"ಪರದೆಗೆ ಕಾಲಿರುತ್ತಾ?"

"ದೆವ್ವಕ್ಕೆ ಕಾಲಿರಲ್ಲ ಅಂತಾರಲ್ಲ. ಕಾಲಿತ್ತು ಅಂದ್ರೆ ಅದರ ಹಿಂದೆ ನಾನೇ ನಿಂತಿದ್ದೆ."

ರೇಡಿಯೊ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ. ಆಮೇಲೆ, ಹಾಗೆಲ್ಲ ಹೇಳಿ ಅನ್ನಕ್ಕೆ ಕಲ್ಲು ಹಾಕಬೇಡಿ, ಅವಳು ಬಂದ ಮೇಲೆ ನನಗೂ ನಾಲ್ಕು ಬಟ್ಟೆ ಜಾಸ್ತಿ ಬರುತ್ತಿದೆ ಎಂದು ನಕ್ಕ. ಅವಳು ಇಸ್ತ್ರಿಯಾದ ರಾಶಿಯನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಬಟ್ಟೆಯ ಬಿಸಿ ಒಂದಿಷ್ಟು ಹೊತ್ತು ಹಿತವಾಗಿತ್ತು.

ಮಧ್ಯಾಹ್ನ ಚಾನೆಲ್‌ನವನಿಗಿಂತ ಮೊದಲು ತಮ್ಮ ಬಂದ. ಅವನು ಶಾಲೆಯ ವ್ಯಾನು ಓಡಿಸುತ್ತಾನೆ. ಬೆಳಗ್ಗೆ ಮಕ್ಕಳನ್ನು ಇಳಿಸಿದರೆ ಮತ್ತೆ ಶಾಲೆ ಬಿಡುವ ತನಕ ಬಿಡುವು. ಹಿಂದಿನ ದಿನವೇ ಫೋನು ಮಾಡಿ, ವಿಡಿಯೊ ನೋಡಿದೆ, ನಿಮ್ಮ ಲಾಡ್ಜೇ ಅಲ್ವಾ, ನಿನ್ನ ಹೆಸರು ಹೇಳಿದ್ರೆ ಆ ರೂಮು ನೋಡೋಕೆ ಬಿಡ್ತಾರಾ ಎಂದು ಕೇಳಿದ್ದ. ಬರಬೇಡ ಎಂದಿದ್ದಳು. ಬೇಡ ಎಂದದ್ದು ಅವನ ಕಿವಿಗೆ ಯಾವಾಗಲೂ ಆಮೇಲೆ ಬಾ ಎಂದಂತೆ ಕೇಳಿಸುತ್ತದೆ. ಶಾಲೆ ಬಿಡುವುದರೊಳಗೆ ಹಿಂದಿರುಗಬೇಕಾದವನು ಅವಳ ಹಿಂದೆಯೇ ಮೂಲೆ ರೂಮಿಗೆ ಬಂದು, ಅವಳು ಹಾಸಿಗೆ ಸರಿಮಾಡುವುದನ್ನು ನೋಡುತ್ತ ಬಾಗಿಲಿಗೆ ಒರಗಿ ನಿಂತ.

"ರಾತ್ರಿ ನಿದ್ದೆನೇ ಬರ್ಲಿಲ್ಲ ಅಕ್ಕ. ಒಂದು ಜೀವಾನ ಹಾಗೆ ಕೂಡಿಹಾಕಿ ಹೋಗೋದಾ? ಎಷ್ಟು ತಟ್ಟಿರಬೇಕು ಪಾಪ. ತನ್ನೋರು ಅಂತ ಅವಳಿಗೆ ಒಬ್ರೂ ಇರ್ಲಿಲ್ವಾ?"

"ಇದ್ರೇನೋ. ಪುರಸೊತ್ತು ಇರ್ಲಿಲ್ವೇನೋ."

ಮಾತು ಅವನಿಗೆ ತಾಗಲಿಲ್ಲ. ಅವನ ಕಣ್ಣು ಆಗಲೇ ತುಂಬಿಕೊಂಡಿದ್ದವು. ಅವಳಿಗೆ ಕೈಯಲ್ಲಿದ್ದ ದಿಂಬಿನಿಂದ ಅವನ ತಲೆಗೆ ಒಂದು ಬಾರಿಸಬೇಕು ಎನ್ನಿಸಿತು. ಬಾರಿಸಿದ ಮೇಲೆ ಎದೆಗವಚಿಕೊಂಡು ಸಮಾಧಾನ ಮಾಡುವವಳೂ ತಾನೇ ಆಗಬೇಕಲ್ಲ ಎಂದು ದಿಂಬನ್ನು ಹಾಸಿಗೆಯ ಮೇಲೆ ಇಟ್ಟಳು.

ಚಾನೆಲ್‌ನವನು ಇನ್ನೂ ಮೀಸೆ ಸರಿಯಾಗಿ ಕೂರದ ಹುಡುಗ. ಮರ್ಯಾದಸ್ಥ, ಎಲ್ಲರಿಗೂ ಅಕ್ಕ, ಅಂಕಲ್ ಎನ್ನುತ್ತಿದ್ದ. ಬಂದವನೇ ಕಿಟಕಿಯ ಪರದೆಗಳನ್ನು ಎಳೆದು ಮಧ್ಯಾಹ್ನವನ್ನು ಮಧ್ಯರಾತ್ರಿ ಮಾಡಿದ. ಒದ್ದೆಗಣ್ಣಿನಲ್ಲಿ ನಿಂತಿದ್ದ ತಮ್ಮನನ್ನು ಕಂಡು ಅವನಿಗೆ ಹುಡುಕುವ ಬಳ್ಳಿ ಕಾಲಿಗೆ ತೊಡರಿದ ಹಾಗಾಯಿತು. ನೀವೇ ಇರಿ ಅಂಕಲ್, ನಮ್ಮ ಜನಕ್ಕೆ ನಿಮ್ಮಂಥ ಮುಖ ಬೇಕು ಎಂದು ಬಾತ್‌ರೂಮಿನೊಳಕ್ಕೆ ಕರೆದುಕೊಂಡು ಹೋದ. ಮ್ಯಾನೇಜರು ಬಾಗಿಲಲ್ಲಿ ನಿಂತು ಅವಳ ಕಡೆ ನೋಡಿದರು. ಅವಳು ಮೇಲಕ್ಕೆ ಹೊರಟಳು.

ಬಟ್ಟೆ ಕೋಣೆಯ ಬಾಗಿಲು ಹಾಕಿಕೊಂಡು ಅಮ್ಮ ಕೂರುತ್ತಿದ್ದ ಕಂಬಳಿಗಳ ಮೇಲೆ ಕೂತಳು. ಚಮಚ ಯಾವತ್ತೋ ಮನೆಗೆ ಹೋಗಿತ್ತು; ಕೈಯಲ್ಲಿ ಬೀಗದ ಕೈಗಳ ಗೊಂಚಲು ಇತ್ತು. ಇಷ್ಟು ವರ್ಷದಲ್ಲಿ ತಾನು ಇಲ್ಲಿ ಕೂತೇ ಇಲ್ಲ ಎಂದು ಆಗ ಹೊಳೆಯಿತು. ಬರುವುದು, ನೀರು ಕುಡಿಸುವುದು, ಬಾಯಿ ಒರೆಸುವುದು, ಓಡುವುದು. ಕೂತಾಗ ಪೈಪಿನ ತೆರೆದ ಬಾಯಿ ಸರಿಯಾಗಿ ಕಿವಿಯ ಪಕ್ಕಕ್ಕೆ ಬರುತ್ತಿತ್ತು.

ಯಾರೋ ಕೆಮ್ಮಿದರು. ಬಾಗಿಲ ಹೊರಗೆ ಯಾರೋ ಬಂದಿದ್ದಾರೆ ಎಂದು ಬೆಚ್ಚಿದಳು. "ಅಂಕಲ್, ಸ್ವಲ್ಪ ಈ ಕಡೆ, ಮುಖಕ್ಕೆ ಬೆಳಕು ಬೀಳ್ಬೇಕು." ಹುಡುಗನ ದನಿ, ಪಕ್ಕದಲ್ಲೇ ಕೂತು ಹೇಳಿದಂತೆ. ನಲ್ಲಿಯಿಂದ ತೊಟ್ಟಿಕ್ಕುವ ನೀರು. ತಮ್ಮ ಮೂಗು ಏರಿಸಿಕೊಂಡದ್ದು. ಒಂದೂ ಬಿಡದೆ ಎಲ್ಲವೂ ಪೈಪಿನೊಳಗಿಂದ ಬರುತ್ತಿತ್ತು.

ಅವಳು ಪೈಪಿನ ಬಾಯಿಗೆ ಕಿವಿ ಹಚ್ಚಿದಳು. ಸದ್ದು ಇಲ್ಲಿಂದ ಕೆಳಗೆ ಹೋಗುತ್ತದೆ ಎಂದಷ್ಟೇ ತಿಳಿದಿದ್ದಳು. ಕೆಳಗಿನದು ಇಲ್ಲಿಗೂ ಬರುತ್ತದೆ ಎಂದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ಆ ಪೈಪು ಹಾದುಹೋಗುವ ಬಾತ್‌ರೂಮುಗಳಲ್ಲಿ ಕಲ್ಲು ತಿಕ್ಕುತ್ತ ಅವಳು ಸುಮ್ಮನಿರುತ್ತಿದ್ದವಳಲ್ಲ. ಒಬ್ಬಳೇ ಇದ್ದಾಗ ಬಾಯಿಗೆ ಬಂದದ್ದನ್ನು ಆಡಿ ಹಗುರ ಮಾಡಿಕೊಳ್ಳುವುದು ಅವಳ ಅಭ್ಯಾಸ. ಬಂದೆ ಬಂದೆ, ಪ್ರಾಣ ತಿನ್ಬೇಡ. ಹೋಗಿ ನಿನ್ನ ಮಗನ ತಲೆ ಮೇಲೆ ಕೂತ್ಕೋಬಾರ್ದಾ. ದೇವರೇ, ಇದಕ್ಕೆ ಯಾವಾಗ ಮುಕ್ತಿ ಕೊಡ್ತೀಯಪ್ಪ, ನಾನು ಒಂದು ದಿನ ಮಲಗ್ತೀನಿ. ಪೊರಕೆಗೆ ಹೇಳಿದ್ದು, ಗೋಡೆಗೆ ಹೇಳಿದ್ದು. ಆಮೇಲೆ ಮೇಲೆ ಬಂದು ಅಮ್ಮನ ಗಲ್ಲ ಹಿಡಿದು, ಏನು ಬೇಕಮ್ಮ ಎಂದು ಕೇಳುತ್ತಿದ್ದಳು. ಕೊನೆಕೊನೆಗೆ ಮುದುಕಿ ಇದ್ದೀಯಾ ಎಂದು ಕೇಳುವ ಆ ಮೆಲ್ಲಗಿನ ತಟ್ಟುವಿಕೆಯನ್ನು ಬಿಟ್ಟುಬಿಟ್ಟಿದ್ದಳು. ಅದನ್ನೂ ಮರೆತಳು ಎಂದುಕೊಂಡಿದ್ದಳು ಮಗಳು. ಒಂದು ಕಾಟ ಕಳೆಯಿತು ಎಂದುಕೊಂಡಿದ್ದಳು.

"ಇಲ್ಲಿ ಯಾರಾದ್ರೂ ಇದ್ದೀರಾ?" ಎಂದು ಹುಡುಗ ದನಿ ತಗ್ಗಿಸಿ ಕೇಳಿದ. ತಟ್ಟಬೇಕಾದದ್ದು ಆಗಲೇ. ಅವಳು ಬೀಗದ ಕೈಯನ್ನು ಪೈಪಿನ ಹತ್ತಿರ ತಂದಳು. ಕೈ ಅಲ್ಲಿಯೇ ನಿಂತಿತು.

ಹುಡುಗ ಮತ್ತೆ ಕೇಳಿದ. ಏನೂ ಇಲ್ಲ. ಆಮೇಲೆ ಬಂದದ್ದು ತಮ್ಮನ ದನಿ, ಯಾರೂ ಹೇಳಿಕೊಡದೆ, ತಾನಾಗಿ.

"ತಾಯೀ, ನೀನು ಯಾರ ಮಗಳೋ ನನಗೆ ಗೊತ್ತಿಲ್ಲ. ನಮ್ಮಮ್ಮ ಈಗ ನೀನಿರೋ ಕಡೆಗೇ ಬಂದಿದ್ದಾಳೆ. ಮರೆವು ಜಾಸ್ತಿ ಅವಳಿಗೆ, ದಾರಿ ತಪ್ತಾಳೆ. ಸಿಕ್ಕಿದ್ರೆ ಸ್ವಲ್ಪ ಕೈ ಹಿಡ್ಕೋ." ಸ್ವಲ್ಪ ಹೊತ್ತು ನಲ್ಲಿಯ ತೊಟ್ಟಷ್ಟೇ ಕೇಳಿಸಿತು. "ನಾನು ಅವಳನ್ನ ಇಟ್ಕೊಳ್ಳಲಿಲ್ಲ. ಅಕ್ಕನ ಹತ್ರ ಬಿಟ್ಟು ಬಂದೆ. ಕೋಪ ಇದೆಯಾ ಅಂತ ಕೇಳು. ಇಲ್ಲ ಅಂದ್ರೆ ಒಂದು ಸಲ ತಟ್ಟು. ಒಂದೇ ಸಲ."

ಒಂದೇ ಸಲ. ಬೆರಳು ಅಲುಗಿಸಿದರೆ ಆಯಿತು. ಮ್ಯಾನೇಜರಿಗೆ ಲಾಡ್ಜು ಉಳಿಯುತ್ತದೆ, ಹುಡುಗನಿಗೆ ವಿಡಿಯೊ ಸಿಗುತ್ತದೆ, ತಮ್ಮ ಯಾವಾಗಲೂ ಆಗುವ ಹಾಗೆ ಹಗುರವಾಗಿ ವ್ಯಾನು ಹತ್ತುತ್ತಾನೆ. ಅವನಿಗೆ ಅಷ್ಟು ಸುಲಭವಾಗಬಾರದು ಎಂಬ ಹಳೆಯ ಸಿಟ್ಟು ಒಂದು ಇತ್ತು, ಇಲ್ಲವೆನ್ನುವುದು ಬೇಡ. ಆದರೆ ಕೈ ತಡೆದದ್ದು ಅದಲ್ಲ. ಅಮ್ಮನಿಗೆ ಕೋಪ ಇತ್ತೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ತನ್ನ ಮೇಲೆ ಇತ್ತೋ ಇಲ್ಲವೋ ಎಂಬುದೇ ಗೊತ್ತಿಲ್ಲದವಳು ತಮ್ಮನಿಗೆ ಏನೆಂದು ಉತ್ತರ ತಟ್ಟುವುದು? ಬೀಗದ ಕೈಗಳನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಬಿಗಿಹಿಡಿದು ಮಡಿಲಿಗೆ ಇಳಿಸಿದಳು.

ಕೆಳಗೆ ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗನ ಉಸಿರು, ಉತ್ಸಾಹ ತುಂಬಿಕೊಂಡು: "ನೋಡಿದ್ರಾ ಅಂಕಲ್? ತಾಯಿ ಅಂದ ತಕ್ಷಣ ಇಡೀ ರೂಮು ಹೇಗೆ ತಣ್ಣಗಾಯ್ತು. ತಟ್ಟೋದಕ್ಕಿಂತ ಇದೇ ಭಯಂಕರ. ಅವಳಿಗೆ ಸಿಟ್ಟು ಬಂದಿದೆ."

ಹೀಗಿತ್ತು ನೋಡಿ. ತಟ್ಟಿದರೂ ಮದುಮಗಳೇ, ತಟ್ಟದಿದ್ದರೂ ಮದುಮಗಳೇ. ಮದುಮಗಳಿಗೆ ಯಾರ ಕೈಯೂ ಬೇಕಾಗಿರಲಿಲ್ಲ.

ಅವಳು ಇಳಿದು ಬರುವಾಗ ತಮ್ಮ ರೂಮಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಒಳಗೆ ಹುಡುಗ ಮ್ಯಾನೇಜರಿಗೆ ಏನೋ ತೋರಿಸುತ್ತಿದ್ದ, ಮ್ಯಾನೇಜರು ಸದ್ಯ ಬದುಕಿಕೊಂಡೆವು ಎಂಬ ಮುಖದಲ್ಲಿ ತಲೆಯಾಡಿಸುತ್ತಿದ್ದರು. ತಮ್ಮ ಈಗ ಅಳುತ್ತಿರಲಿಲ್ಲ. ಅಳದೆ ನಿಂತ ಅವನನ್ನು ನೋಡಿ ಅವಳಿಗೆ ಹೆದರಿಕೆಯಾಯಿತು. ಅವನ ಮುಖ ಅಮ್ಮನ ಮುಖದ ಹಾಗೆ ಕಾಣುತ್ತಿತ್ತು, ದಾರಿ ತಪ್ಪಿ ನಿಂತವರ ಮುಖ.

"ಬರ್ಲಿಲ್ಲ ಅಕ್ಕ," ಎಂದ. "ಕೋಪ ಇದೆ."

"ಬಾ ಇಲ್ಲಿ."

ಕೈ ಹಿಡಿದು ಮೇಲಕ್ಕೆ ಕರೆದೊಯ್ದಳು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದ ಹಾಗೆ, ಮಣಿಕಟ್ಟಿನಲ್ಲಿ. ಬಟ್ಟೆ ಕೋಣೆಯ ಬಾಗಿಲು ತೆರೆದು, ಕಂಬಳಿಗಳ ಮೇಲೆ ಕೂರು ಎಂದಳು. ಅವನು ಕೂತು ಹಲಗೆಗಳನ್ನು, ಬಲ್ಬನ್ನು, ಕಿಟಕಿಯಿಲ್ಲದ ಗೋಡೆಗಳನ್ನು ನೋಡಿದ.

"ಪಕ್ಕದ ಮನೆಯವಳು ಒಂದು ವಾರವೂ ನೋಡ್ಕೊಳ್ಳಲಿಲ್ಲ. ಅಮ್ಮ ಇಲ್ಲೇ ಇದ್ಲು," ಎಂದಳು. "ನಾನು ಕೆಲಸ ಮಾಡೋ ಹೊತ್ತೆಲ್ಲ. ಹೊರಗಿನಿಂದ ಬೀಗ ಹಾಕ್ಕೊಂಡು ಹೋಗ್ತಿದ್ದೆ. ಈ ಪೈಪಿನ ಮೇಲೆ ತಟ್ಟಿ ನನ್ನ ಕರೀತಿದ್ಲು. ಮದುಮಗಳೂ ಇಲ್ಲ, ಮಣ್ಣೂ ಇಲ್ಲ. ಇವತ್ತು ತಟ್ಟಬೇಕಾಗಿದ್ದೋಳು ನಾನು, ತಟ್ಟಲಿಲ್ಲ. ಅದು ಅಮ್ಮನ ಕೋಪ ಅಲ್ಲ."

ಬೈಯುತ್ತಾನೆ ಎಂದುಕೊಂಡಳು, ಬೈದಿದ್ದರೆ ತಾನೂ ನಾಲ್ಕು ಬೈಯಬಹುದಿತ್ತು, ಬೇಕಾದಷ್ಟು ಕೂಡಿಟ್ಟಿದ್ದಳು. ಅವನು ಕೈಚಾಚಿ ಪೈಪನ್ನು ಮುಟ್ಟಿದ. ಚಮಚ ಬಿದ್ದು ಬಿದ್ದು ಬಣ್ಣ ಹೋಗಿ ಒಂದು ಕಡೆ ಕಬ್ಬಿಣ ನುಣ್ಣಗಾಗಿತ್ತು. ಅಷ್ಟರಲ್ಲಿ ಪೈಪಿನೊಳಗಿಂದ ಹುಡುಗನ ನಗು ಬಂತು, ಆಮೇಲೆ ಮಾತು: ಆ ಅಂಕಲ್ ಅತ್ತದ್ದು ಭಾಳ ಚೆನ್ನಾಗಿ ಬಂದಿದೆ ಸಾರ್, ಜನ ಇದನ್ನೇ ನೋಡೋದು.

ತಮ್ಮ ತಲೆಯೆತ್ತಿ ಅಕ್ಕನನ್ನು ನೋಡಿದ. "ಇಲ್ಲಿ ಎಲ್ಲ ಕೇಳುತ್ತೆ."

"ಹೂಂ," ಎಂದಳು. "ಎಲ್ಲ ಕೇಳುತ್ತೆ."

ಅವನ ಪಕ್ಕದಲ್ಲಿ ಜಾಗವಿತ್ತು. ಮೊಣಕಾಲು ಹಿಡಿದುಕೊಂಡು ಅವಳೂ ಕೂತಳು. ಕೆಳಗೆ ಬಾಗಿಲು ಹಾಕಿದ ಸದ್ದಾಯಿತು, ಮಾತುಗಳು ದೂರವಾದವು, ಬರೀ ತೊಟ್ಟು ಉಳಿಯಿತು. ಆ ನಲ್ಲಿಯ ವಾಷರ್ ಹೋಗಿದೆ, ಹೇಳಬೇಕು ಎಂದಳು. ಅವನು ಹೂಂಗುಟ್ಟಿದ.

ಶಾಲೆ ಬಿಡುವ ಹೊತ್ತಾಗಿತ್ತು. ಅದನ್ನು ಅವಳೇ ನೆನಪಿಸಿದಳು. ಓಣಿಯಲ್ಲಿ ಇಡೀ ಮಹಡಿಯ ಮೈಲಿಗೆ ಬಟ್ಟೆ ಗಂಟು ಕಟ್ಟಿ ಇಟ್ಟಿದ್ದಳು. ಅದನ್ನು ಹಿತ್ತಿಲಿಗೆ ಇಳಿಸಬೇಕು. ದಿನವೂ ಅವಳು ಅದನ್ನು ಒಂದೊಂದೇ ಮೆಟ್ಟಿಲು ಎಳೆದುಕೊಂಡು ಇಳಿಯುವುದು. ಇವತ್ತು ಬಗ್ಗಿ ಹಿಡಿದಾಗ ಗಂಟಿನ ಇನ್ನೊಂದು ತುದಿ ತಾನಾಗಿ ಮೇಲೆದ್ದಿತು.

ಇಬ್ಬರೂ ಇಳಿಯತೊಡಗಿದರು. ತಮ್ಮ ಮುಂದೆ, ಹಿಮ್ಮುಖವಾಗಿ, ಒಂದೊಂದು ಮೆಟ್ಟಿಲನ್ನೂ ಹಿಮ್ಮಡಿಯಿಂದ ತಡವಿಕೊಳ್ಳುತ್ತ. ಮೇಲಿನ ತುದಿಯಲ್ಲಿ ಅವಳು. ಅರ್ಧ ಇಳಿದಿದ್ದಾಗ ಎದುರಿನಿಂದ ಒಂದು ಗುಂಪು ಚೀಲ ಹೊತ್ತು, ಫೋನು ಕೈಯಲ್ಲಿ ಹಿಡಿದು, ಮೂಲೆ ರೂಮು ಯಾವ ಕಡೆ ಎಂದು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತ ಹತ್ತಿಬಂತು. ಮೆಟ್ಟಿಲು ಕಿರಿದು, ಗಂಟು ಅಗಲ. ಯಾರಾದರೂ ಒಬ್ಬರು ನಿಲ್ಲಲೇಬೇಕಿತ್ತು. ತಮ್ಮ ಸರಿಯಲಿಲ್ಲ. ಗಂಟನ್ನು ಎದೆಗೆ ಏರಿಸಿಕೊಂಡು ಸುಮ್ಮನೆ ಇಳಿಯುತ್ತಲೇ ಇದ್ದ. ಬಂದವರು ನಗುವುದನ್ನು ನಿಲ್ಲಿಸಿ, ಒಬ್ಬರ ಹಿಂದೆ ಒಬ್ಬರು, ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟರು.